ಲೇಟ್ ಪಾಸಿಗೆ ಒಂದು ಸಹಿ

ಎರಡು ಸಾವಿರದ ದಶಕದಲ್ಲಿ ಹೆಣ್ಣುಮಕ್ಕಳು ಪಾಪ್ ಸಂಗೀತವನ್ನು ಗೆದ್ದುಕೊಂಡರು ಎಂದು ಎಲ್ಲರೂ ಬರೆಯುತ್ತಾರೆ. ಟೀವಿ ತುಂಬ ಹುಡುಗಿಯರ ಬ್ಯಾಂಡು, ಗಿಟಾರು ಹಿಡಿದ ಗಾಯಕಿಯರು. ಸರಿ, ಒಪ್ಪೋಣ. ಆದರೆ ಆ ಹುಡುಗಿಯರು ರಿಹರ್ಸಲ್ ಮುಗಿಸಿ ಎಷ್ಟು ಗಂಟೆಗೆ ಮನೆ ಸೇರಬೇಕಿತ್ತು, ಯಾರನ್ನು ಕೇಳಿಕೊಂಡು ಹೊರಟಿದ್ದರು ಎಂದು ಈ ಚರಿತ್ರೆಕಾರರು ಒಂದು ಸಾಲನ್ನಾದರೂ ಯಾಕೆ ಬರೆಯುವುದಿಲ್ಲ?

ದೆಹಲಿಯ ನಮ್ಮ ಹಾಸ್ಟೆಲಿನ ಗೇಟು ಏಳೂವರೆಗೆ ಮುಚ್ಚುತ್ತಿತ್ತು. ನನ್ನ ರೂಮ್‌ಮೇಟ್ ದಾವಣಗೆರೆಯವಳು. ಕಾಲೇಜಿನ ಹುಡುಗಿಯರ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದಳು. ಕೊನೆಯ ವರ್ಷ ಅವರ ಬ್ಯಾಂಡು ಅಂತರಕಾಲೇಜು ಸ್ಪರ್ಧೆಯ ಫೈನಲ್ ತಲುಪಿತು. ಕಾರ್ಯಕ್ರಮ ಸಂಜೆ ಏಳಕ್ಕೆ. ಅಂದರೆ ಲೇಟ್ ಪಾಸ್ ಬೇಕು, ಅದಕ್ಕೆ ಲೋಕಲ್ ಗಾರ್ಡಿಯನ್ನಿನ ಸಹಿ ಬೇಕು. ಲೋಕಲ್ ಗಾರ್ಡಿಯನ್ ಎಂದರೆ ಊರಲ್ಲಿರುವ ಅಪ್ಪನ ಬದಲಿಗೆ ಇಲ್ಲಿ ನೇಮಕವಾದ ಇನ್ನೊಬ್ಬ ಅಪ್ಪ. ವೋಟು ಹಾಕಬಲ್ಲವಳ ಸ್ವಂತ ಸಹಿ ಹಾಸ್ಟೆಲಿನಲ್ಲಿ ನಡೆಯುತ್ತಿರಲಿಲ್ಲ.

ಅವಳ ಗಾರ್ಡಿಯನ್ ಅವಳಪ್ಪನ ಹಳೆಯ ಸ್ನೇಹಿತರು, ಘಾಜಿಯಾಬಾದಿನ ಫ್ಲ್ಯಾಟಿನಲ್ಲಿದ್ದರು. ಭಾನುವಾರ ಬಸ್ಸು, ಆಮೇಲೆ ಶೇರ್ ಆಟೋ ಹಿಡಿದು ಇಬ್ಬರೂ ಹೋದೆವು.

"ನೀನು ಸುಮ್ನೆ ಜೊತೆಗಿರು. ಮಾತಾಡೋದು ನಾನು," ಎಂದಳು. ನಾನು ಕಾಲೇಜಿನ ಡಿಬೇಟ್ ತಂಡದವಳು. ಆ ಎಚ್ಚರಿಕೆಗೆ ಕಾರಣವಿತ್ತು.

ಆಂಟಿ ಉಪ್ಪಿಟ್ಟು ತಂದಿಟ್ಟರು. ಟೀವಿಯಲ್ಲಿ ಒಬ್ಬ ಗಾಯಕಿ ಚರ್ಮದ ಜಾಕೆಟ್ಟು ಹಾಕಿಕೊಂಡು ಹಾಡುತ್ತಿದ್ದಳು.

"ನೋಡಮ್ಮಾ, ಈಗೆಲ್ಲ ಹೆಣ್ಮಕ್ಕಳದ್ದೇ ರಾಜ್ಯ," ಎಂದರು ಅಂಕಲ್.

"ಹೌದು ಅಂಕಲ್," ಎನ್ನುತ್ತ ಅವಳು ಫಾರಂ ಮುಂದೆ ಸರಿಸಿದಳು.

"ಡ್ರಮ್ಸಾ? ಹಾಡೋದಾಗಿದ್ರೆ ಬೇರೆ ಮಾತು. ವಾಪಸ್ ಎಷ್ಟೊತ್ತಿಗೆ?"

"ಒಂಬತ್ತೂವರೆಗೆ. ಕಾಲೇಜಿನ ವ್ಯಾನಲ್ಲೇ ತಂದು ಬಿಡ್ತಾರೆ."

"ಒಂದಿನ ತಾನೇ ರೀ, ಹಾಕ್ಕೊಡಿ," ಎಂದರು ಆಂಟಿ.

ಅಂಕಲ್ ಪೆನ್ನಿನ ಕ್ಯಾಪು ತೆಗೆದರು. "ಅಚ್ಛಾ, ಹಾಕ್ತೀನಿ. ಆದ್ರೆ ಸ್ವಾತಂತ್ರ್ಯ ಅಂತೂ ಪೂರ್ತಿ ಸಿಕ್ಕಿಬಿಟ್ಟಿದೆ ನಿಮಗೆ, ಜೋಪಾನವಾಗಿ ಬಳಸ್ಕೊಳ್ಳಿ."

ಆ ಕ್ಷಣಕ್ಕೆ ನಾನು ಬಾಯಿಗೆ ಒಂದು ಚಮಚ ಉಪ್ಪಿಟ್ಟು ಹಾಕಿಕೊಂಡಿದ್ದರೆ ಸಾಕಿತ್ತು. ಡಿಬೇಟಿನವರಿಗೆ ಇದೊಂದು ರೋಗ. ಎದುರಿನವರು ನಮ್ಮ ಬೇಡಿಕೆಗೆ ಒಪ್ಪಿದರೂ, ಅವರು ಕೊಟ್ಟ ಕಾರಣ ತಪ್ಪಿದ್ದರೆ ಬಿಡಲಾಗುವುದಿಲ್ಲ.

"ಪೂರ್ತಿ ಸಿಕ್ಕಿದ್ರೆ ಈ ಫಾರಂ ಯಾಕೆ ಅಂಕಲ್?" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದನೇ ಪಾಯಿಂಟು ಹೇಳಿದೆ, ಎರಡನೆಯದು ಹೇಳಿದೆ. ಮೂರನೆಯದಕ್ಕೆ ಟೀವಿಯತ್ತ ಕೈ ತೋರಿಸಿ, "ಅವರ ಲೇಟ್ ಪಾಸಿಗೆ ಯಾರು ಸಹಿ ಹಾಕಿದ್ರು?" ಎಂದೆ.

ಆಂಟಿ ನಕ್ಕುಬಿಟ್ಟರು. ಅಲ್ಲಿಗೆ ಕೆಲಸ ಕೆಟ್ಟಿತು.

ಅಂಕಲ್ ಪೆನ್ನಿಗೆ ಕ್ಯಾಪು ಹಾಕಿದರು. "ಇಷ್ಟು ವಾದ ಮಾಡೋರ ಜೊತೆ ಓಡಾಡ್ತೀಯ ಅಂತ ಗೊತ್ತಿರ್ಲಿಲ್ಲಮ್ಮ. ನಾಳೆ ಏನಾದ್ರೂ ಆದ್ರೆ ನಿಮ್ಮಪ್ಪಂಗೆ ಉತ್ತರ ಹೇಳ್ಬೇಕಾದವನು ನಾನು." ಫಾರಂ ಖಾಲಿಯಾಗಿಯೇ ವಾಪಸ್ಸು ಬಂತು.

ಆಟೋದಲ್ಲಿ ಅವಳು ಹೊರಗೆ ನೋಡುತ್ತಲೇ ಹೇಳಿದಳು: "ನಿನ್ನ ಮೂರನೇ ಪಾಯಿಂಟ್ ಚೆನ್ನಾಗಿತ್ತು ಕಣೇ."

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಆಟೋ ಇಳಿಯುವಾಗ ಇಬ್ಬರ ದುಡ್ಡನ್ನೂ ನಾನೇ ಕೊಟ್ಟೆ.

ಫೈನಲ್ ದಿನ ಏಳೂವರೆಗೆ ನಾವಿಬ್ಬರೂ ಗೇಟಿನ ಒಳಗಿದ್ದೆವು. ಮರುದಿನ ಬ್ಯಾಂಡಿನ ಗಾಯಕಿ ಬಂದು ನಡೆದದ್ದನ್ನು ಹೇಳಿದಳು. ಸಂಘಟಕರನ್ನು ಒಪ್ಪಿಸಿ, ಡ್ರಮ್ಸಿಗೆ ಬೇರೆ ಕಾಲೇಜಿನ ಒಬ್ಬ ಹುಡುಗನನ್ನು ಕೂರಿಸಿದರಂತೆ. ನಿರೂಪಕ ಮೈಕಿನಲ್ಲಿ "ಇದು ಹುಡುಗಿಯರ ಯುಗ" ಎಂದನಂತೆ. ಎರಡನೇ ಬಹುಮಾನ ಬಂತಂತೆ. ನನ್ನ ರೂಮ್‌ಮೇಟ್ ಎಲ್ಲವನ್ನೂ ಕೇಳಿಸಿಕೊಂಡು, "ಹಾಡಿನ ಟೆಂಪೋ ಸರಿಯಾಗಿ ಹಿಡಿದನಾ?" ಎಂದಷ್ಟೇ ವಿಚಾರಿಸಿದಳು. ಆ ವರ್ಷ ಮತ್ತೆ ಅವಳು ರಿಹರ್ಸಲ್ಲಿಗೆ ಹೋಗಲಿಲ್ಲ.

ನನ್ನ ಮೇಲೆ ಅವಳು ಒಂದು ದಿನವೂ ರೇಗಲಿಲ್ಲ. ಹಾಸ್ಟೆಲ್ ಬಿಡುವ ವಾರ, ಟ್ರಂಕಿಗೆ ಬಟ್ಟೆ ತುಂಬುತ್ತಿದ್ದವಳನ್ನು ನಾನೇ ತಡೆಯಲಾರದೆ ಕೇಳಿದೆ: "ಅಂಕಲ್ ಪೆನ್ನಿನ ಕ್ಯಾಪು ತೆಗೆದಿದ್ದನ್ನ ನೀನೂ ನೋಡಿದ್ದೆ. ಮೇಜಿನ ಕೆಳಗೆ ನನ್ನ ಕಾಲು ಒಂದು ಸಲ ತುಳಿದಿದ್ರೆ ಆಗ್ತಿತ್ತಲ್ಲ, ಯಾಕೆ ತುಳೀಲಿಲ್ಲ?"