ಪೊನ್ನಮ್ಮನ ಮನೆಗೆ ಟೆಲಿಫೋನ್ ಬಂದದ್ದು

ಹುದಿಕೇರಿಯ ಪೊನ್ನಮ್ಮ ಹಟ ಹಿಡಿದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾರ. ಗಂಡ ತೀರಿಕೊಂಡ ಮೇಲೆ ಹದಿನೈದು ಎಕರೆ ಕಾಫಿಯನ್ನು ತಾನೇ ನೋಡಿಕೊಂಡಳು, ಒಬ್ಬಳೇ ಮಗಳು ಯಮುನಳನ್ನು ಮೈಸೂರಿಗೆ ಓದಲು ಕಳಿಸಿದಳು. ಕಳಿಸಿದ ಮೇಲೆ ಶುರುವಾಯಿತು ನೋಡಿ ಹಂಬಲ. ತನಗೆ ಓದು ಬಾರದು. ಮಗಳ ಕಾಗದವನ್ನು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಜಯಪ್ಪ ಓದಿ ಹೇಳಬೇಕು. ಮಗಳ ಸ್ವರ ಕೇಳಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಹಾಸ್ಟೆಲಿನಲ್ಲಿ ಟೆಲಿಫೋನ್ ಇದೆಯಂತೆ. ಸರಿ, ತನ್ನ ಮನೆಗೂ ಬರಲಿ ಎಂದಳು.

ಟೆಲಿಫೋನ್ ಆಫೀಸಿನವರು ಒಪ್ಪಿದರು. ಆದರೆ ತಂತಿ ಬರಬೇಕಾದರೆ ಒಂದು ಕಂಬ ಉತ್ತಯ್ಯನ ತೋಟದಲ್ಲಿ ನಿಲ್ಲಬೇಕು. ಉತ್ತಯ್ಯ ಗಂಡನ ಒಡಹುಟ್ಟಿದ ಅಣ್ಣನೇ, ಆದರೆ ಬೇಲಿ ಜಗಳವಾಗಿ ಎರಡು ವರ್ಷದಿಂದ ಮಾತಿಲ್ಲ. “ಹುಡುಗಿ ಓದಿದ್ದೇ ಹೆಚ್ಚು, ಅವಳ ಮಾತು ಬರ್ಲಿಕ್ಕೆ ನನ್ನ ತೋಟದಲ್ಲಿ ಕಂಬ ಬೇರೆಯಾ?” ಎಂದು ಲೈನ್‌ಮನ್‌ನನ್ನು ಅಟ್ಟಿಬಿಟ್ಟ.

ಅರವತ್ನಾಲ್ಕರ ಜೂನಿನಲ್ಲಿ ಒಂದು ಮಧ್ಯಾಹ್ನ ತಂತಿ ಸುದ್ದಿ ಬಂತು. ಯಮುನಳಿಗೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ ಎಂದು ಜಯಪ್ಪ ಓದಿದ್ದೇ ತಡ, ಪೊನ್ನಮ್ಮ ಗೋಡೆಯ ಮೇಲಿನ ಕೋವಿ ಇಳಿಸಿದಳು. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು ಅಲ್ಲಿನ ಪದ್ಧತಿ. ಯಮುನ ಹುಟ್ಟಿದಾಗ ಯಾರೂ ಕೋವಿ ಮುಟ್ಟಿರಲಿಲ್ಲ. ಆ ಬಾಕಿಗೊಂದು, ಈ ಸೀಟಿಗೊಂದು ಎಂದು ಅಂಗಳದಲ್ಲಿ ನಿಂತು ಢಂ ಢಂ ಎಂದು ಎರಡು ಹಾರಿಸಿಯೇ ಬಿಟ್ಟಳು. ಪುಣ್ಯಾತ್ಗಿತ್ತಿ ಖುಷಿಯಲ್ಲಿ ಒಂದನ್ನು ಮರೆತಿದ್ದಳು. ಜೋಡಿ ಗುಂಡು ಕೇಳಿದರೆ ಆ ಮನೆಯಲ್ಲಿ ಸಾವಾಯಿತೆಂದು ಅರ್ಥ.

ಎಲ್ಲರಿಗಿಂತ ಮೊದಲು ಬೇಲಿ ದಾಟಿ ಓಡಿ ಬಂದವನು ಉತ್ತಯ್ಯ. ಉಣ್ಣುತ್ತಿದ್ದ ಕೈ ತೊಳೆದಿರಲಿಲ್ಲ. ಕೋವಿ ಹಿಡಿದು ನಗುತ್ತಿದ್ದ ಪೊನ್ನಮ್ಮನನ್ನು ಕಂಡವನೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

“ಯಾರಿಗೆ ಎಂತ ಆಯ್ತು?”

“ಯಾರಿಗೂ ಎಂತದೂ ಆಗ್ಲಿಲ್ಲ ಭಾವ. ಯಮುನಳಿಗೆ ಸೀಟು ಸಿಕ್ಕಿತು.”

ಇನ್ನು ಬೈಗುಳ ಶುರುವೆಂದು ಅವಳು ಕಾದಳು. ಮುದುಕ ಎಡಗೈಯಲ್ಲಿ ಕಣ್ಣೊರೆಸಿಕೊಂಡ.

“ನೀನೇ ಹೋದೆ ಅಂದ್ಕೊಂಡೆ ಮಾರಾಯ್ತಿ. ಒಂದು ಕಂಬಕ್ಕೆ ಜಾಗ ಕೊಟ್ಟಿದ್ರೆ ಅವ್ವ ಮಗಳು ಒಂದು ಮಾತಾದ್ರೂ ಆಡ್ತಿದ್ರಲ್ಲ ಅಂತ ಹೊಟ್ಟೆ ಉರಿದು ಹೋಯ್ತು. ಆ ಲೈನ್‌ಮನ್‌ಗೆ ಹೇಳಿ ಕಳಿಸು.”

ಮುಂದಿನ ತಿಂಗಳು ಮೈಸೂರಿನಿಂದ ಮೊದಲ ಟ್ರಂಕ್ ಕಾಲ್. ಅತ್ತಲಿಂದ “ಅವ್ವಾ” ಎಂದದ್ದೇ ತಡ, ಊರಿಗೆಲ್ಲ ಬಾಯಿಯಾಗಿದ್ದ ಪೊನ್ನಮ್ಮ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. ಕಾಲಿಗೆ ಇದ್ದದ್ದೇ ಮೂರು ನಿಮಿಷ, ಅದರಲ್ಲಿ ಒಂದು ಹಾಗೇ ಕಳೆಯಿತು. ಪಕ್ಕದಲ್ಲಿದ್ದ ಉತ್ತಯ್ಯ ರಿಸೀವರ್ ಕಸಿದುಕೊಂಡು ಕೂಗಿದ:

“ಯಮುನಾ, ದೊಡ್ಡಪ್ಪ ನಾನು. ನಿನ್ನ ಅವ್ವ ಇಲ್ಲೇ ಇದ್ದಾಳೆ, ಅಳ್ತಾ ಇದ್ದಾಳೆ. ನೀನು ಮಾತಾಡ್ತಾ ಇರು, ಅವಳು ಕೇಳ್ತಾಳೆ.”

ಮತ್ತೆ ಅದನ್ನು ಪೊನ್ನಮ್ಮನ ಕಿವಿಗೆ ಹಿಡಿದು, ಕಾಲ್ ಮುಗಿಯುವವರೆಗೂ ಹಾಗೇ ನಿಂತಿದ್ದ.