ನಲವತ್ತರ ಲೆನ್ಸಿಗೆ ತಾಗಿದ ಎಣ್ಣೆ

ನನಗೆ ಗೊತ್ತಿರುವುದನ್ನು ಇನ್ನೊಬ್ಬರು ಕಲಿಸಲು ಬಂದರೆ ನನ್ನ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊಸದುರ್ಗದ ಕಾಲೇಜಿನಲ್ಲಿ ಬಹಳ ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದ್ದರಿಂದ ಅಂಟಿದ ರೋಗ ಇದು. ಕುರಿಗಳ ರಕ್ತದಲ್ಲಿರುವ ರೋಗಾಣುಗಳ ಮೇಲೆ ಸಂಶೋಧನೆಗೆ ಹೊರಟಾಗ ಅದು ಉಲ್ಬಣಿಸಿತು.

ಸುತ್ತಲಿನ ಸಂಶೋಧಕರೆಲ್ಲ ಸರದಿಯಂತೆ ಬಳಸುವ ದೊಡ್ಡ ಮೈಕ್ರೋಸ್ಕೋಪು ಚಿತ್ರದುರ್ಗದ ಒಂದು ಪ್ರಯೋಗಾಲಯದಲ್ಲಿದೆ. ಅದನ್ನು ಮುಟ್ಟುವ ಮೊದಲು ಮೂರು ದಿನ ತರಬೇತಿ ಕಡ್ಡಾಯ. ಕಲಿಸುವವರು ಗಿರಿಜಕ್ಕ, ನನಗಿಂತ ಚಿಕ್ಕವರು, ಆದರೂ ಎಲ್ಲರಿಗೂ ಅಕ್ಕ. "ಎಣ್ಣೆ ನೂರು ಪಟ್ಟು ದೊಡ್ಡದು ಮಾಡೋ ನೂರರ ಲೆನ್ಸಿಗೆ ಮಾತ್ರ. ಹಾಕಿದ ಮೇಲೆ ನಲವತ್ತರ ಲೆನ್ಸಿಗೆ ವಾಪಸ್ ತಿರುಗಿಸಬ್ಯಾಡ್ರಿ" ಎಂದು ಅವರು ಹೇಳುವಾಗ ನಾನು ಕಿಟಕಿಯಾಚೆ ಬಂಡೆಗಳನ್ನು ನೋಡುತ್ತಿದ್ದೆ.

ಮೊದಲ ಸರದಿಯಲ್ಲೇ ತಿರುಗಿಸಿದೆ. ನಲವತ್ತರ ಲೆನ್ಸು ಎಣ್ಣೆಯಲ್ಲಿ ಅದ್ದಿಕೊಂಡಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಸೆರಗಿನಿಂದ ಒರೆಸಿ ಎದ್ದುಬಿಟ್ಟೆ.

ಮುಂದಿನ ಸರದಿ ಚಿಕ್ಕಜಾಜೂರಿನಿಂದ ಬರುವ ರುದ್ರೇಶರದು. ಮಕ್ಕಳ ಮೂತ್ರಪಿಂಡದ ಕಾಯಿಲೆ ಅವರ ಪಿಎಚ್‌ಡಿ ವಿಷಯ. ಒಂದು ಸ್ಲೈಡು ನೋಡಿದರು, ಇನ್ನೊಂದು ನೋಡಿದರು. ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಒಳಬಂದ ಗಿರಿಜಕ್ಕನ ಕಡೆ ತಿರುಗಿದರು.

"ಎಲ್ಲಾ ಮಬ್ಬಾಗೈತೆ ಅಕ್ಕ. ಸ್ಲೈಡಿಗೆ ಬಣ್ಣ ಹಾಕಿದ್ದೇ ಕೆಟ್ಟೈತೆ. ಮೂರು ತಿಂಗಳ ಕೆಲಸ. ಇಟ್ಕಂಡು ಏನ್ ಮಾಡ್ಲಿ?"

ಸ್ಲೈಡಿನ ತಟ್ಟೆ ಹಿಡಿದು ಕಸದ ಡಬ್ಬಿಯ ಮುಚ್ಚಳ ತೆಗೆದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದೊಣ್ಣೆ ನಾನೇ, ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಬಸ್ಸಿಗೆ ಹೊತ್ತಾಗಿತ್ತು, ಹೋಗಿಬಿಡಲು ಅಷ್ಟು ನೆಪ ಸಾಕಿತ್ತು.

"ತಡೀರಿ," ಎಂದೆ. "ನಿಮ್ ತಪ್ಪಲ್ಲ. ಲೆನ್ಸಿಗೆ ಎಣ್ಣೆ ತಾಗೈತೆ. ನಾನೇ ತಾಗ್ಸಿದ್ದು. ಸೆರಗಲ್ಲಿ ಒರೆಸಿದೆ."

"ಬಟ್ಟೆ ಉಜ್ಜಿ ಗೀರು ಬಿದ್ದಿದ್ರೆ ಇದು ರಿಪೇರಿಗೆ ಹೋಗ್ಬೇಕು. ಎಲ್ಲರ ಕೆಲಸಾನೂ ನಿಲ್ತೈತೆ," ಎಂದಷ್ಟೇ ಹೇಳಿ ಗಿರಿಜಕ್ಕ ಲೆನ್ಸಿನ ಕಾಗದಕ್ಕೆ ಒಂದು ಹನಿ ದ್ರಾವಣ ಹಾಕಿ ಒರೆಸಿದರು. ಮತ್ತೊಂದು ಕಾಗದ. ಮತ್ತೊಂದು. ರುದ್ರೇಶ್ ಬಗ್ಗಿ ನೋಡಿದರು. ಒಂದೊಂದೇ ಸ್ಲೈಡು ಬದಲಿಸಿದರು.

"ಕಾಣ್ತೈತೆ," ಎಂದರು ಕೊನೆಗೆ. ನನ್ನ ಕಡೆ ತಿರುಗಲಿಲ್ಲ. ತಿರುಗದಿದ್ದದ್ದೇ ನ್ಯಾಯ.

"ನಾಳೆಯಿಂದ ಮತ್ತೆ ಮೂರು ದಿನ ತರಬೇತಿ ಮೇಡಂ. ಹೊಸಬರ ಜೊತೆ ಕುಂತ್ಕಳ್ರಿ," ಎಂದರು ಗಿರಿಜಕ್ಕ.

"ಇನ್ನೂ ನನ್ನ ಒಳಗೆ ಬಿಡ್ತೀರಾ?"

"ಹೇಳಿದೋರನ್ನ ಬಿಡದೆ ಯಾರನ್ನ ಬಿಡ್ಲಿ? ಹೇಳದೆ ಹೋಗೋರು ಅಂದ್ರೇ ನಂಗೆ ಭಯ."

ಮೂರು ದಿನ ಮುಂದಿನ ಬೆಂಚಿನಲ್ಲಿ ಕುಳಿತೆ. ಎರಡನೆಯ ದಿನ ಧೈರ್ಯ ಮಾಡಿ ಒಂದು ಪ್ರಶ್ನೆಯನ್ನೂ ಕೇಳಿದೆ. ನನ್ನ ತರಗತಿಯ ಮಕ್ಕಳು ಇಷ್ಟು ವರ್ಷ ಯಾಕೆ ಬಾಯಿ ತೆರೆಯುತ್ತಿರಲಿಲ್ಲ ಎಂಬುದು ಕೈ ಎತ್ತುವಾಗಲೇ ಅರ್ಥವಾಯಿತು.