ರೂತಮ್ಮನನ್ನು ಚರ್ಚಿಗೆ ಹೊತ್ತ ಭಾನುವಾರ

ಮೊನ್ನೆ ಬೆಳಿಗ್ಗೆ ಸೊಸೆ ನನ್ನ ಮಂಡಿಗೆ ಹಚ್ಚಲು ಕೊಬ್ಬರಿ ಎಣ್ಣೆ ಕಾಯಿಸಿ, ಅದಕ್ಕೆ ಕರ್ಪೂರ ಪುಡಿ ಮಾಡಿ ಹಾಕಿದಳು. ಆ ವಾಸನೆ ಅಡುಗೆಮನೆಯಿಂದ ನಡುಮನೆಗೆ ಬಂದದ್ದೇ ತಡ, ನನಗೆ ಮಂಡಿನೋವು ಮರೆತು ರೂತಮ್ಮನ ಬೆನ್ನು ನೆನಪಾಯಿತು. ಹೀಗೆ ಬರೆದರೆ ನೀವು ಏನೇನೋ ಅಂದುಕೊಳ್ಳಬಹುದು. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ, ಆ ಬೆನ್ನನ್ನು ನಾನು ಒಂದು ಸಲವೂ ಕಂಡವನಲ್ಲ. ಮಲಗಿದಲ್ಲೇ ಮಲಗಿ ಹುಣ್ಣಾಗದಿರಲಿ ಅಂತ ಅದಕ್ಕೆ ದಿನಾ ಎಣ್ಣೆ ತಿಕ್ಕುತ್ತಿದ್ದವಳು ನನ್ನ ಹೆಂಡತಿ. ನಾನು ಹೊರಗೆ ಜಗುಲಿಯ ಮೇಲೆ ಕೂತಿರುತ್ತಿದ್ದೆ. ಅಲ್ಲಿಗೆ ಎಣ್ಣೆಯ ವಾಸನೆಯೂ ಬರುತ್ತಿತ್ತು, ನರಳಾಟವೂ ಬರುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ ಅದು. ತಿಪಟೂರಿನಲ್ಲಿ ನಾನು ಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದೆ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬಡತನಕ್ಕೆ ಬಿಡಿಸಿದರು ಅಂತ ಹೇಳಿಕೊಳ್ಳುವುದು ನನಗೆ ಸೇರುವುದಿಲ್ಲ. ಬೆಂಚಿನ ಮೇಲೆ ಕೂರಲಾರದೆ ನಾನೇ ಬಿಟ್ಟೆ. ಆದರೆ ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತರೆ ನನ್ನನ್ನು ಮೀರಿಸುವವನು ಸುತ್ತಮುತ್ತ ಇರಲಿಲ್ಲ. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ಕಾಯನ್ನು ಮೊನೆಗೆ ಚುಚ್ಚಿ ಮಟ್ಟೆ ಬಿಡಿಸಬೇಕು, ಒಳಗಿನ ಕೊಬ್ಬರಿಗೆ ಪೆಟ್ಟಾಗಬಾರದು. ತುರುವೇಕೆರೆ, ಹುಳಿಯಾರಿನ ತೋಟದವರು ಕೂಡ ನನಗೇ ಹೇಳಿ ಕಳಿಸುತ್ತಿದ್ದರು. ಆ ಗರ್ವ ಈಗಲೂ ಇದೆ. ಮಂಡಿ ಹೋಯಿತು, ಗರ್ವ ಹೋಗಲಿಲ್ಲ.

ನಮ್ಮ ಮನೆಯ ಹಿಂದಿನ ಮನೆಯೇ ರೂತಮ್ಮನದು. ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್ ಆಗಿ ರಿಟೈರಾದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮ ಸಾಮುವೇಲಪ್ಪ ಜೊತೆಗಿದ್ದರು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ಆಗ ಚರ್ಚಿನ ಹಿರಿಯರಲ್ಲಿ ಒಬ್ಬರು. ನಮ್ಮ ಬೀದಿಯ ಅರ್ಧ ಮಕ್ಕಳು ಭೂಮಿಗೆ ಬಂದದ್ದು ರೂತಮ್ಮನ ಕೈಮೇಲೆ. ನನ್ನ ಮೊದಲ ಮಗ ಹುಟ್ಟುವಾಗ ಅವರು ಬಾಗಿಲಿಂದ ತಲೆ ಹೊರಗೆ ಹಾಕಿ ಬೈದದ್ದು ಇವತ್ತಿಗೂ ಕಿವಿಯಲ್ಲಿದೆ. "ಒಳಗೆ ಅವ್ಳು ಒದ್ದಾಡ್ತಾವ್ಳೆ, ನೀನಿಲ್ಲಿ ನಿಂತ್ಕಂಡು ಬೀಡಿ ಹೊಗೆ ಬುಡ್ತೀಯೇನ್ಲಾ? ಹೋಗು, ಬಾವೀಲಿ ನೀರಾದ್ರೂ ಸೇದು." ಸೇದಿದೆ. ಹಂಡೆ ತುಂಬಿತು, ಬಾನಿ ತುಂಬಿತು. ಮಗ ಹುಟ್ಟಿದ ಮೇಲೂ ಯಾರೂ ಸಾಕು ಅನ್ನಲಿಲ್ಲವಾದ್ದರಿಂದ ಇನ್ನೂ ಸೇದುತ್ತಲೇ ಇದ್ದೆ.

ಅಂಥ ಗಟ್ಟಿ ಹೆಂಗಸಿಗೆ ಮೂಳೆಯ ಕ್ಯಾನ್ಸರ್ ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಯಿಂದ ವಾಪಸು ಕಳಿಸಿದರು. ಕೊಟ್ಟ ಮಾತ್ರೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತಿತ್ತು, ಆಮೇಲೆ ಇಲ್ಲ. ಹೆಂಡತಿ ಎಣ್ಣೆ ತಿಕ್ಕಿ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಾಗ ನಾನು ಅವಳ ಮುಖ ನೋಡುತ್ತಿರಲಿಲ್ಲ. ಒಂದು ದಿನ ಅವಳೇ ಅಂದಳು, "ದೇವರು ಕರ್ಕಳ್ಳಿ ಅಂತ ನಾನು ಬೇಡ್ಕಂಡೆ ಕಣ್ರೀ. ಪಾಪ ಬತ್ತದಾ?" ಗೊತ್ತಿಲ್ಲದ್ದಕ್ಕೆ ಉತ್ತರ ಕೊಡದಿರುವುದನ್ನು ಐದನೇ ಕ್ಲಾಸಿನಲ್ಲೇ ಕಲಿತಿದ್ದೆ, ಆದರೆ ಅಲ್ಲಿ ಅದಕ್ಕೆ ಏಟು ಬೀಳುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ರೂತಮ್ಮ ನನ್ನನ್ನು ಒಳಗೆ ಕರೆಸಿದರು. ಹಾಸಿಗೆಯಲ್ಲಿ ಇದ್ದದ್ದು ಕಣ್ಣು ಮಾತ್ರ ಅನ್ನಿಸಿತು.

"ಕೂತ್ಕೋ. ನಿನ್ನಿಂದ ಒಂದು ಕೆಲ್ಸ ಆಗ್ಬೇಕು. ಸಾಮುವೇಲನ್ಗೆ ಹೇಳ್ಬೇಡ."

ನೋವು ತಾಳಲಾರದವರು ನಂಬಿಕಸ್ಥರನ್ನು ಹತ್ತಿರ ಕರೆದು, ಏನಾದರೂ ತಂದುಕೊಡು, ಹೋಗಿಬಿಡುತ್ತೇನೆ ಅಂತ ಕೇಳುವುದು ನಮ್ಮ ಕಡೆ ಕೇಳದ ಸುದ್ದಿಯಲ್ಲ. ಕೇಳಿಸಿಕೊಂಡವನ ಗತಿ ಏನಾಯಿತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ತಂದುಕೊಟ್ಟರೆ ಜೈಲು. ಕೊಡದಿದ್ದರೆ ಆ ಕಣ್ಣುಗಳನ್ನು ಬದುಕಿರುವವರೆಗೂ ಹೊತ್ತು ತಿರುಗಬೇಕು.

"ಅಮ್ಮ, ಅದೊಂದು ಮಾತ್ರ ಕೇಳ್ಬೇಡಿ" ಅಂದೆ.

"ಯಾವ್ದೊಂದು?"

ನಾನು ನೆಲ ನೋಡಿದೆ. ಅವರಿಗೆ ಅರ್ಥವಾಯಿತು. ನಗಲು ಹೋಗಿ ಕೆಮ್ಮಿದರು.

"ಥೂ ನಿನ್ನ. ವಿಷ ಕೇಳ್ತೀನಿ ಅಂದ್ಕಂಡ್ಯಾ? ಹೆಂಡ್ತಿ ಮಕ್ಳಿರೋನ್ಗೆ ಅದನ್ನ ಕೇಳಕ್ಕೆ ನಂಗೇನು ತಲೆ ಕೆಟ್ಟೈತಾ? ಬರೋ ಭಾನುವಾರ ನನ್ನ ಚರ್ಚಿಗೆ ಹೊತ್ಕಂಡು ಹೋಗು. ಅಷ್ಟೇಯ."

ಮೂಟೆ ಇಳಿಸಿದ ಮೇಲೆ ಬೆನ್ನು ತಾನಾಗಿಯೇ ಮೇಲೇಳುತ್ತದಲ್ಲ, ಹಾಗಾಯಿತು ನನಗೆ. ಆ ಖುಷಿಯಲ್ಲಿ, ಚರ್ಚಿಗೇನು, ಹುಳಿಯಾರಿಗೆ ಬೇಕಾದರೂ ಹೊರುತ್ತೇನೆ ಅಂದುಬಿಟ್ಟೆ.

ಆಮೇಲೆ ಅವರು ಚರ್ಚಿನಲ್ಲಿ ಎಲ್ಲರ ಮುಂದೆ ಹೇಳಬೇಕೆಂದಿದ್ದ ವಿಷಯವನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಗುಟ್ಟಾಗಿ ಏನೋ ಕುಡಿದು ಆಸ್ಪತ್ರೆಗೆ ಬಂದವರನ್ನು ಅವರು ಕಂಡಿದ್ದರು. ಕೊನೆಗಾಲದಲ್ಲಿ ಒಬ್ಬರ ಕೈಯನ್ನೂ ಹಿಡಿದುಕೊಳ್ಳಲಾಗದೆ ಹೋದವರು. ಹೊರಗೆ ಪೊಲೀಸರು, ಮನೆಯವರ ಮೇಲೆ ಅನುಮಾನ. "ಅದ್ಕೇ ಕಾನೂನು ಇರ್ಬೇಕು ಅನ್ನೋದು ನಾನು. ವಾಸಿಯಾಗದ ಕಾಯಿಲೆಯೋನು, ಬುದ್ಧಿ ನೆಟ್ಟಗಿರೋನು, ಇನ್ನು ಸಾಕು ಅಂತ ತಾನೇ ಬಾಯ್ಬಿಟ್ಟು ಕೇಳಿದ್ರೆ, ಡಾಕ್ಟ್ರುಗಳು ಕೂತು ವಿಚಾರ್ಸಿ, ಹಗಲು ಹೊತ್ನಲ್ಲಿ, ನೆಂಟ್ರು ಇಷ್ಟ್ರ ಮುಂದೆ ಕಳಿಸ್ಕೊಡೋ ಹಂಗಿರ್ಬೇಕು. ಮುಂದಿನ ಮನೆಯೋನ ಕಾಲು ಹಿಡಿಯೋ ಹಂಗಿರ್ಬಾರ್ದು."

"ಅದನ್ನ ಚರ್ಚಲ್ಲಿ ಯಾಕಮ್ಮ ಹೇಳೋದು?"

"ಇನ್ನೆಲ್ಲಿ ಹೇಳ್ಲಿ? ಕೊಬ್ರಿ ಮಾರ್ಕೆಟ್ಟಲ್ಲಾ?" ಅಂದರು. ಆಮೇಲೆ, "ನಾನು ಯೇಸು ಸ್ವಾಮೀನ ನಂಬ್ದೋಳು ಕಣಪ್ಪ. ನಂಬ್ಕೆ ಬುಟ್ಟು ಈ ಮಾತು ಹೇಳ್ತಿಲ್ಲ. ನಂಬಿರೋದ್ರಿಂದ್ಲೇ ಹೇಳ್ತಿದೀನಿ. ಅದು ನಮ್ ಚರ್ಚಿನೋರ್ಗೆ ಗೊತ್ತಾಗ್ಬೇಕು" ಅಂದರು.

ಅಷ್ಟು ಸಣ್ಣ ಮನೆಯಲ್ಲಿ ಗುಟ್ಟು ಉಳಿಯಲಿಲ್ಲ. ಮಾರನೆಯ ದಿನವೇ ಸಾಮುವೇಲಪ್ಪ ನಾನು ಸುಲಿಯುತ್ತಿದ್ದ ಕಣಕ್ಕೆ ಬಂದರು. ಕೆಟ್ಟ ಮನುಷ್ಯರಲ್ಲ. ರಾತ್ರಿಯೆಲ್ಲ ಅಕ್ಕನಿಗೆ ನೀರು ಕುಡಿಸುತ್ತಿದ್ದವರು ಅವರೇ.

"ನೀನು ಹೊರಬೇಡ ಕಣಪ್ಪ" ಅಂದರು. "ಅಕ್ಕ ಅಲ್ಲಿ ಆ ಮಾತಾಡಿದ್ರೆ ಸಭೆ ಅವ್ರನ್ನ ಹೊರಗಿಡ್ತದೆ. ಪ್ರಭುಭೋಜನದ ರೊಟ್ಟಿ ಕೊಡಲ್ಲ. ಭಾವನ ಸಮಾಧಿ ಪಕ್ಕ ಜಾಗ ಐತಲ್ಲ, ಅದೂ ತಪ್ಪೋಗ್ತದೆ. ಸಾಯೋ ಕಾಲ್ದಲ್ಲಿ ಇದೆಲ್ಲ ಬೇಕಾ?"

ಪ್ರಭುಭೋಜನ ಅಂದರೆ ಯೇಸುವಿನ ಹೆಸರಲ್ಲಿ ಒಂದೇ ಮೇಜಿನಿಂದ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವುದು ಅಂತ ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಆದರೆ ರೂತಮ್ಮನಿಗೆ ಇನ್ನು ಉಳಿದಿದ್ದ ಆಸೆ ಅವೆರಡೇ ಅಂತ ಗೊತ್ತಿತ್ತು. ಒಂದು ಚೂರು ರೊಟ್ಟಿ, ಗಂಡನ ಪಕ್ಕ ಒಂದಿಷ್ಟು ಮಣ್ಣು. ಸಂಜೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಗೊತ್ತು. ಅದೇ ಭಯ ನಂಗೂ" ಅಂದರು. ಅವರ ಬಾಯಲ್ಲಿ ಭಯ ಅನ್ನುವ ಮಾತು ಕೇಳಿದ್ದು ಅದೇ ಮೊದಲು. "ಆದ್ರೂ ಹೊತ್ಕಂಡು ಹೋಗು."

ಇನ್ನು ಅವರನ್ನು ಹೊರಲು ನಾನು ಮಾಡಿದ ಕುರ್ಚಿಯ ವಿಷಯ ಹೇಳದಿದ್ದರೆ ನನ್ನ ಗರ್ವ ಸುಮ್ಮನಿರುವುದಿಲ್ಲ. ಕೈ ಇರುವ ಹಳೆಯ ಬೆತ್ತದ ಕುರ್ಚಿಗೆ ಎರಡೂ ಕಡೆ ಬಿದಿರಿನ ಗಳ ಕಟ್ಟಿದೆ. ಅವರ ಮೂಳೆಗೆ ಗಾಳಿ ತಾಗಿದರೂ ನೋವು. ಆದ್ದರಿಂದ ಒಳ್ಳೆಯ ಮಟ್ಟೆಗಳನ್ನು ಆರಿಸಿ ನೆನೆಹಾಕಿ, ಬಡಿದು, ನಾರು ಬಿಡಿಸಿ, ಒಣಗಿಸಿ, ಹೆಂಡತಿಯ ಹಳೇ ಸೀರೆಯಲ್ಲಿ ತುಂಬಿ ಮೆತ್ತೆ ಮಾಡಿದೆ. ಗೆಳೆಯ ನಂಜ ಮುಂದೆ, ನಾನು ಹಿಂದೆ. ಹಿಂದಿನ ದಿನ ಕುರ್ಚಿಯಲ್ಲಿ ತುಂಬಿದ ಬಿಂದಿಗೆ ಇಟ್ಟುಕೊಂಡು ಬೀದಿಯಲ್ಲಿ ಓಡಾಡಿ ನೋಡಿದೆವು. ನೀರು ತುಳುಕಿತು. ನಂಜನನ್ನು ಬೈದೆ. ಮತ್ತೆ ತುಳುಕಿತು. ಆಗ ಅವನು ತಿರುಗಿ, "ಲೇ, ಹಿಂದೆ ಕುಣೀತಿರೋನು ನೀನು ಕಣ್ಲಾ" ಅಂದ. ನಿಜವಾಗಿತ್ತು. ಬೀದಿಯವರೆಲ್ಲ ಬಾಗಿಲಿಗೆ ಬಂದು, ಬಿಂದಿಗೆಗೆ ಮೆರವಣಿಗೆಯಾ ಅಂತ ನಕ್ಕರು.

ಭಾನುವಾರ ಒಂದು ಹನಿಯೂ ತುಳುಕದ ನಡಿಗೆಯಲ್ಲಿ ಹೋದೆವು. ಸಾಮುವೇಲಪ್ಪ ನಮ್ಮ ಜೊತೆ ಬರದೆ ಮುಂಚೆಯೇ ಹೋಗಿ ಕೂತಿದ್ದರು. ನಾನೂ ನಂಜನೂ ಬಾಗಿಲ ಪಕ್ಕ ಚಪ್ಪಲಿಗಳ ಹತ್ತಿರ ನಿಂತೆವು. ಪ್ರಾರ್ಥನೆ, ಹಾಡು ಎಲ್ಲ ಆಯಿತು. ಅಯ್ಯನವರು, ಅಂದರೆ ಅವರ ಪಾದ್ರಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ರೂತಮ್ಮ ಏನೋ ಹೇಳಬೇಕಂತೆ ಎಂದು ಹೇಳಿ ಪಕ್ಕಕ್ಕೆ ಸರಿದರು.

ರೂತಮ್ಮನ ಧ್ವನಿ ಸಣ್ಣದಾಗಿತ್ತು. ಆದರೆ ಹೆರಿಗೆ ಕೋಣೆಯಲ್ಲಿ ಮಾತಾಡುತ್ತಿದ್ದ ಗತ್ತು ಹೋಗಿರಲಿಲ್ಲ. ಕಾನೂನು ಬರಬೇಕು ಅಂತ ತಾನು ಯಾಕೆ ಬಯಸುತ್ತೇನೆ ಅನ್ನುವುದನ್ನು ನನಗೆ ಹೇಳಿದ ಹಾಗೆಯೇ ಹೇಳಿದರು. ಆಮೇಲೆ ನನಗೆ ಹೇಳದೇ ಇದ್ದದ್ದನ್ನೂ ಹೇಳಿದರು.

"ಮಗು ಅಡ್ಡ ತಿರುಗಿದ್ರೆ ದೇವ್ರಿಟ್ಟಂಗಾಗ್ಲಿ ಅಂತ ನಾನು ಯಾವತ್ತೂ ಕೈ ಕಟ್ಕಂಡು ಕೂರ್ಲಿಲ್ಲ. ಡಾಕ್ಟ್ರನ್ನ ಕರ್ದೆ, ಕುಯ್ಸಿದೆ, ನೋವಿಗೆ ಸೂಜಿ ಹಾಕ್ಸಿದೆ. ನಿಂಗೆ ನಂಬ್ಕೆ ಇಲ್ಲ ಅಂತ ನಿಮ್ಮಲ್ಲಿ ಒಬ್ರೂ ಅನ್ನಲಿಲ್ಲ. ಬರೋ ಬಾಗಿಲಲ್ಲಿ ನಮ್ ಕೈ ಸೇರ್ಸೋದು ಕರುಣೆ ಆದ್ರೆ, ಹೋಗೋ ಬಾಗಿಲಲ್ಲಿ ಅದೇ ಕೈ ಪಾಪ ಹೆಂಗಾಯ್ತದೆ? ಉಸಿರು ದೇವ್ರು ಕೊಟ್ಟಿದ್ದು, ಒಪ್ತೀನಿ. ಅದನ್ನ ಸಾಕಷ್ಟು ಕಾಲ ಜೋಪಾನ ಮಾಡಿದೀನಿ. ತಗೊಳಪ್ಪ ಸ್ವಾಮಿ ಅಂತ ವಾಪಸು ಕೈಗಿಟ್ರೆ ಆತ ಮುಖ ತಿರುಗಿಸ್ತಾನೆ ಅಂತ ನಂಗನ್ಸಲ್ಲ. ನನಗೆ ಗೊತ್ತಿರೋ ಸ್ವಾಮಿ ಅಂಥೋನಲ್ಲ."

ಸಾಮುವೇಲಪ್ಪ ಎದ್ದು ನಿಂತರು. "ಅಕ್ಕ, ನಿನ್ನಂಗೆ ಎಲ್ರೂ ಗಟ್ಟಿಯಾಗಿರಲ್ಲ. ಸೊಸೆ ಮುಖ ಗಂಟಿಕ್ಕಿದ್ಲು ಅಂತ ಒಂದು ಮುದುಕಿ ಹೋಗಿ ಕೇಳ್ತಾಳೆ. ಖರ್ಚಾಗ್ತದೆ ಅಂತ ಒಬ್ಬ ಮುದುಕ ಕೇಳ್ತಾನೆ. ಅವ್ರನ್ನ ಯಾರು ಕಾಯ್ತಾರೆ?"

ಆ ಮಾತಿಗೆ ಬಾಗಿಲಲ್ಲಿದ್ದ ನಾನೂ ತಲೆದೂಗಿದೆ. ನ್ಯಾಯವಾದ ಪ್ರಶ್ನೆ. ರೂತಮ್ಮನೂ ತಲೆದೂಗಿದರು.

"ಅದು ನಿಜ ಕಣೋ. ಅಂಥೋರು ಈಗ್ಲೂ ಹೋಗ್ತಾವ್ರೆ, ಕೆರೆಗೋ ಬಾವಿಗೋ. ಯಾಕವ್ವ ಅಂತ ಕೇಳೋರು ಒಬ್ರೂ ಇಲ್ಲ. ಕಾನೂನು ಬಂದ್ರೆ ಮುಂದೆ ಕೂರ್ಸ್ಕಂಡು ಕೇಳೋನೊಬ್ಬ ಇರ್ತಾನೆ. ಸೊಸೆ ಕಾರಣ ಅಂದ್ರೆ ಸೊಸೇನ ಕರ್ದು ಬುದ್ಧಿ ಹೇಳ್ಲಿ, ಮುದುಕೀನ ಕಳಿಸೋದು ಬ್ಯಾಡ. ನಾನು ನಂದನ್ನ ಹೇಳಿದೀನಿ. ಇದ್ಕೆ ನನ್ನ ಹೊರಗಿಡೋದಾದ್ರೆ ಈಗ್ಲೇ ಹೇಳ್ಬಿಡಿ ಅಯ್ಯನವ್ರೇ. ಕಾಯೋಕೆ ಶಕ್ತಿ ಇಲ್ಲ."

ಅಯ್ಯನವರು ತಲೆ ತಗ್ಗಿಸಿ ನಿಂತಿದ್ದರು. ಆ ಹೊತ್ತಿನಲ್ಲಿ ನಾನು ನಮ್ಮ ಮನೆದೇವರಿಗೆ ಹರಕೆ ಹೊತ್ತೆ. ಚರ್ಚಿನೊಳಗೆ ನಿಂತು ಹೊತ್ತ ಹರಕೆ ಯಾರಿಗೆ ಸಂದಿತೋ ಗೊತ್ತಿಲ್ಲ, ಆಮೇಲೆ ತೀರಿಸಿದ್ದಂತೂ ಹೌದು.

"ಅಮ್ಮ, ನೀವು ಹೇಳಿದ್ದು ಸರೀನೋ ತಪ್ಪೋ, ನನಗೆ ಗೊತ್ತಿಲ್ಲ" ಅಂದರು ಅಯ್ಯನವರು. "ಸುಳ್ಳು ಹೇಳಲಾರೆ. ಆದರೆ ಈ ಮೇಜು ಪ್ರಭುವಿನದು, ನನ್ನದಲ್ಲ, ನಿಮ್ಮನ್ನ ಇದರಿಂದ ಎಬ್ಬಿಸೋಕೆ." ಹಾಗೆಂದವರು ರೊಟ್ಟಿಯ ತಟ್ಟೆ, ಲೋಟ ಎರಡನ್ನೂ ಎತ್ತಿಕೊಂಡು ಮೆಟ್ಟಿಲಿಳಿದು ಬಂದರು. ಎಲ್ಲರಿಗಿಂತ ಮೊದಲು ಕುರ್ಚಿಯ ಮುಂದೆ ಮಂಡಿಯೂರಿ ರೂತಮ್ಮನ ಬಾಯಿಗೆ ರೊಟ್ಟಿ ಇಟ್ಟರು.

ಅಳುವ ಜಾತಿಯವನಲ್ಲ ನಾನು. ನಂಜ ಅತ್ತ. ಅವನನ್ನು ನೋಡಿ ನನಗೂ ಸ್ವಲ್ಪ ಬಂತು.

ವಾಪಸು ಹೊರಡುವಾಗ ನಂಜ ಮುಂದಿನ ಗಳ ಹಿಡಿಯಲು ಬಗ್ಗಿದ. ಸಾಮುವೇಲಪ್ಪ ಅವನ ಹೆಗಲು ಮುಟ್ಟಿ ಪಕ್ಕಕ್ಕೆ ಸರಿಸಿ ತಾವೇ ಹಿಡಿದರು. ಅಭ್ಯಾಸವಿಲ್ಲದ ಹೆಗಲು, ಕುರ್ಚಿ ದಾರಿಯುದ್ದಕ್ಕೂ ಕುಲುಕಿತು. "ನಿಧಾನ ಕಣೋ, ಇದೇನು ಗೂಡ್ಸ್ ಗಾಡಿಯಾ" ಅಂತ ರೂತಮ್ಮ ಬೈದರು. "ನಾನಿನ್ನೂ ಒಪ್ಪಿಲ್ಲ ಅಕ್ಕ" ಅಂದರು ಅವರು. "ಒಪ್ಪು ಅಂತ ಯಾರಂದ್ರು? ನೆಟ್ಟಗೆ ಹೊರು."

ಅದಾದ ಮೇಲೆ ಅಯ್ಯನವರು ಬಸ್ಸು ಹಿಡಿದು ಓಡಾಡಿ, ಮಿಷನ್ ಆಸ್ಪತ್ರೆಯ ಡಾಕ್ಟರು ವಾರಕ್ಕೊಮ್ಮೆ ಬಂದು ನೋಡುವ ಹಾಗೆ, ನೋವಿಗೆ ಸೂಜಿ ಸಿಗುವ ಹಾಗೆ ಮಾಡಿದರು. ನರಳಾಟ ಕಡಿಮೆಯಾಯಿತು. ಕಾನೂನು ಬರಲಿಲ್ಲ, ರೂತಮ್ಮನೂ ಕಾನೂನು ಮೀರಿ ಏನನ್ನೂ ಕೇಳಲಿಲ್ಲ. "ಇದು ನನ್ನ ಅದೃಷ್ಟ ಕಣೇ" ಅಂತ ನನ್ನ ಹೆಂಡತಿಗೆ ಹೇಳಿದರಂತೆ. "ಸೂಜಿಗೂ ಬಗ್ಗದ ನೋವು ಇರ್ತದೆ. ಅದಿರೋರಿಗೋಸ್ಕರ ನಾನು ಹೇಳಿದ್ದು. ಮರೀಬೇಡಿ." ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರು. ಗಂಡನ ಪಕ್ಕ ಮಣ್ಣು ಮಾಡಿದರು.

ಮೊನ್ನೆ ಇದೆಲ್ಲ ನೆನಪಾದದ್ದೇ ಟೀ ಅಂಗಡಿಗೆ ಹೋದೆ. ಅಲ್ಲಿ ದಿನಾ ಸೇರುವ ನಾಲ್ಕೈದು ಜನ ಮುದುಕರು ನಾವು. ಸಾವಿನ ಮಾತು ಬಂದರೆ "ಬುಡು, ಬೇರೆ ಮಾತಾಡು" ಅನ್ನುವವರು. ಇಷ್ಟು ವರ್ಷ ನಾನೂ ಬಿಟ್ಟಿದ್ದೆ. ಅವತ್ತು ಬಿಡಲಿಲ್ಲ. ನನಗೆ ಆ ಕಾಲ ಬಂದು, ನಾನೇ ಕೇಳಿದರೆ, ಹಗಲು ಹೊತ್ತಿನಲ್ಲಿ ಡಾಕ್ಟರ ಕೈಯಲ್ಲಿ ಹೋಗುವುದಕ್ಕೆ ಕಾನೂನು ಇರಬೇಕು. ನನ್ನ ಮಗ ಗುಟ್ಟಾಗಿ ಯಾವ ಪಾಡೂ ಪಡಬಾರದು ಅಂದೆ. ಕೇಳಬೇಕಿತ್ತು ನೀವು, ಅಲ್ಲೆದ್ದ ಗಲಾಟೆಯನ್ನು. ನಿಂಗೆ ಅರಳುಮರಳು ಅಂದ ಒಬ್ಬ. ದೇವರ ಲೆಕ್ಕಕ್ಕೆ ಕೈ ಹಾಕ್ತೀಯಾ ಅಂದ ಇನ್ನೊಬ್ಬ. ನಂಜನೂ ಅಲ್ಲೇ ಇದ್ದ. ರೂತಮ್ಮನ ಮಾತು ರೂತಮ್ಮನಿಗೆ ಸರಿ, ನಿನ್ನ ಬಾಯಲ್ಲಿ ಸರಿಯಿಲ್ಲ ಅಂತ ಅವನೇ ಎಲ್ಲರಿಗಿಂತ ಜೋರಾಗಿ ಕೂಗಾಡಿದ. ಟೀ ತಣ್ಣಗಾಯಿತು.

ಮಂಡಿ ಹಿಡಿದುಕೊಂಡು ಎದ್ದು ಹೊರಟೆ. ಹಗುರವಾಗಿದ್ದೆ. ಆದರೂ ಹಿಂದಿನಿಂದ ಏನು ಬರುತ್ತದೋ ಅಂತ ಕಿವಿ ಅಲ್ಲೇ ಇತ್ತು.

"ಲೇ" ಅಂತ ಕೂಗಿದ ನಂಜ. "ನಾಳೆ ಬೇಗ ಬಾ. ನಂದಿನ್ನೂ ಮುಗ್ದಿಲ್ಲ."

"ಬತ್ತೀನಿ" ಅಂದೆ.